ಮಾಸ್ತರು ಉಳಿಸಿಕೊಂಡಿದ್ದ ಒಂದು ನಿಮಿಷ

ನಮ್ಮ ಪಿ.ಟಿ. ಮಾಸ್ತರು ತೀರಿಕೊಂಡ ಸುದ್ದಿ ಶಿರಸಿಯಿಂದ ಬಂದ ದಿನ ನನ್ನ ಕಣ್ಣಮುಂದೆ ನಿಂತದ್ದು ಅವರ ಎರಡು ಕೈಗಳು: ಅಡ್ಡ ಹಿಡಿದ ಒಂದು ಅಂಗೈ, ಅದಕ್ಕೆ ಕೆಳಗಿನಿಂದ ತಾಗಿದ ಇನ್ನೊಂದು ಕೈಯ ಬೆರಳು. ಬಾಸ್ಕೆಟ್‌ಬಾಲಿನಲ್ಲಿ ಟೈಮ್‌ಔಟ್, ಅಂದರೆ ಆಟಕ್ಕೆ ಒಂದು ನಿಮಿಷದ ಬಿಡುವು, ಕೇಳುವ ಸನ್ನೆ ಅದು.

ಹತ್ತನೆಯ ತರಗತಿಯಲ್ಲಿದ್ದಾಗ ದೇವಿಮನೆ ಘಟ್ಟ ಇಳಿದು, ಅರ್ಧ ತಂಡ ಬಸ್ಸಿನ ಕಿಟಕಿಯಲ್ಲೇ ವಾಂತಿ ಮಾಡಿಕೊಂಡು, ನಾವು ಜಿಲ್ಲಾ ಮಟ್ಟದ ಪಂದ್ಯಕ್ಕೆ ಕಾರವಾರ ತಲುಪಿದ್ದೆವು. 2000ನೇ ಇಸವಿಗೆ ಹಿಂದಿನ ಮಾತು: 20 ನಿಮಿಷಗಳ ಎರಡು ಅವಧಿ, ಅವಧಿಗೆ ಎರಡೇ ಟೈಮ್‌ಔಟ್, ಚೆಂಡು ಸಿಕ್ಕ 30 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕು. ಮಾಸ್ತರು ಪ್ರತಿ ಅವಧಿಯ ಮೊದಲು ಎಡಗಿಸೆಗೆ ಎರಡು ಅಡಕೆ ಹಾಕಿಕೊಂಡು, ಟೈಮ್‌ಔಟ್ ಕೇಳಿದಾಗಲೊಮ್ಮೆ ಒಂದನ್ನು ಬಲಗಿಸೆಗೆ ಸಾಗಿಸುತ್ತಿದ್ದರು. ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದನ್ನು ನಾನು ಕಂಡದ್ದು ಎಷ್ಟೋ ವರ್ಷಗಳ ಮೇಲೆ, 1993ರ ಅಮೆರಿಕದ ಕಾಲೇಜು ಫೈನಲ್‌ನ ಚಿತ್ರಗಳಲ್ಲಿ: ಎರಡು ಅಂಕ ಹಿಂದಿದ್ದ ಮಿಶಿಗನ್ ತಂಡದ ಕ್ರಿಸ್ ವೆಬರ್, 11 ಸೆಕೆಂಡು ಉಳಿದಿರುವಾಗ ತಮ್ಮಲ್ಲಿ ಇಲ್ಲದ ಟೈಮ್‌ಔಟ್ ಕೇಳಿ ಎದುರಾಳಿಗೆ ಉಚಿತ ಎಸೆತ ಸಿಗುವ ಟೆಕ್ನಿಕಲ್ ಫೌಲಿಗೆ ಸಿಲುಕಿದ್ದರು.

ನಮ್ಮ ಪಂದ್ಯದ ಕೊನೆಯಲ್ಲಿ ಎದುರಾಳಿಗಳು ಅಂಗಳದ ಉದ್ದಕ್ಕೂ ಮೈಮೇಲೆ ಬಿದ್ದು ಆಡತೊಡಗಿದ್ದರಿಂದ ನಮ್ಮ ಏಳು ಅಂಕಗಳ ಮುನ್ನಡೆ ಒಂದಕ್ಕೆ ಇಳಿಯಿತು. ನಾಯಕನಾಗಿದ್ದ ನಾನು (ತಂಡದ ಅರ್ಧದಷ್ಟು ಅಂಕಗಳು ನನ್ನವೇ ಎಂದು ಹೇಳಿಕೊಂಡರೆ ತಪ್ಪಾಗಲಾರದು) ಟೈಮ್‌ಔಟ್ ಕೇಳಿರೆಂದು ಎಷ್ಟು ಕೂಗಿಕೊಂಡರೂ ಮಾಸ್ತರು ತಲೆಯೆತ್ತಲಿಲ್ಲ. ಅಮೆರಿಕದ ಕಾಲೇಜು ಆಟದಂತಲ್ಲ, ನಮ್ಮಲ್ಲಿ ಅದನ್ನು ಕೇಳುವ ಅಧಿಕಾರ ಆಟಗಾರನಿಗಿಲ್ಲ. ಹಾಗಾಗಿ ಪಾದ ಉಳುಕಿತೆಂದು ಬಿದ್ದುಕೊಂಡೆ. ಆಟವೇನೋ ನಿಂತಿತು, ಆದರೆ ಮಾಸ್ತರು ಪಾದ ಒತ್ತಿ ನೋಡಿ, “ಬಾ ತಮಾ, ಕುತ್ಗ” ಎಂದು ನನ್ನನ್ನು ಹೊರಗೆ ಕೂರಿಸಿ ಬೇರೊಬ್ಬನನ್ನು ಕಳಿಸಿದರು.

ಓಡಿ ಅಡ್ಡಗಟ್ಟುತ್ತಿರುವವರೇ ನಮಗಿಂತ ಮೊದಲು ದಣಿಯುತ್ತಾರೆ, ಈಗ ಆಟ ನಿಲ್ಲಿಸಿದರೆ ಅವರಿಗೇ ಒಂದು ನಿಮಿಷದ ವಿಶ್ರಾಂತಿ ದಾನ ಮಾಡಿದಂತೆ ಎಂದು ಪಕ್ಕದಲ್ಲಿ ಕೂತ ಮೇಲೆ ವಿವರಿಸಿದರು. ಆಮೇಲೆ, ಎದುರಾಳಿಗಳು ಬುಟ್ಟಿ ಹಾಕಿದರೆ ಆ ಕ್ಷಣವೇ ಟೈಮ್‌ಔಟ್ ಸಿಗಲೆಂದು, ಚೆಂಡು ಇನ್ನೂ ಅವರ ಕೈಯಲ್ಲಿರುವಾಗಲೇ ಎದ್ದು ಹೋಗಿ, ಸ್ಕೋರ್ ಬರೆಯುವವರ ಮೇಜಿನೆದುರು ಸನ್ನೆ ಮಾಡಿ ನಿಂತರು. ಅವರ ಬುಟ್ಟಿ ಬಿತ್ತು, ಟೈಮ್‌ಔಟ್ ಸಿಕ್ಕಿತು. ನಾವು ಒಂದು ಅಂಕ ಹಿಂದೆ, ಉಳಿದದ್ದು 38 ಸೆಕೆಂಡು. ಮುರುಗಲು ಪಾನಕದ ಲೋಟ ಕೈಯಿಂದ ಕೈಗೆ ದಾಟುವವರೆಗೆ ಸುಮ್ಮನಿದ್ದು, ಕೊನೆಗೆ, “30 ಪೂರ್ತಿ ಬಳಸಿ, ಅವರಿಗೆ ಎಂಟೇ ಉಳಿಯಲಿ” ಎಂದರು. ಗೆಲುವಿನ ಬುಟ್ಟಿ ಹಾಕಿದವನು ನನ್ನ ಬದಲಿಗೆ ಹೋದವನೇ. ನಾನು ಬೀಳದಿದ್ದರೆ ಅವನು ಅಂಗಳಕ್ಕೆ ಇಳಿಯುತ್ತಲೇ ಇರಲಿಲ್ಲ ಎಂಬ ನನ್ನ ವಾದವನ್ನು ಗೆಳೆಯರು ಇಂದಿಗೂ ಒಪ್ಪುವುದಿಲ್ಲ.

ಈಗ ದ್ವಿತೀಯಾರ್ಧಕ್ಕೆ ಮೂರು ಟೈಮ್‌ಔಟ್‌ಗಳಿವೆ. ಕೊನೆಯ ಎರಡು ನಿಮಿಷಗಳಲ್ಲಿ ಎರಡನ್ನಷ್ಟೇ ಬಳಸಬಹುದಾದ್ದರಿಂದ ಮೂರನ್ನೂ ಕೂಡಿಡುವವನಿಗೆ ಒಂದು ನಷ್ಟ. ಈ ಲೆಕ್ಕವನ್ನು ಮಕ್ಕಳಿಗೆ ಹೇಳಿಕೊಡಲು ಪಿ.ಟಿ. ಪೀರಿಯಡ್ಡಾದರೂ ಎಲ್ಲಿ ಉಳಿದಿದೆ? ಅದನ್ನು ಗಣಿತದ ಹೆಚ್ಚುವರಿ ತರಗತಿ ನುಂಗಿದೆ, ರಿಂಗಿನ ಕೆಳಗೆ ಸ್ಕೂಟರುಗಳು ನಿಲ್ಲುತ್ತವೆ.

ಮರಳುವ ಬಸ್ಸಿನಲ್ಲಿ ಮಾಸ್ತರು ಬಲಗಿಸೆಯ ಅಡಕೆ ತೆಗೆದು ಕತ್ತರಿಸಿ ಕವಳ ಹಾಕಿದರು. ನಿಂತೇ ಬಾ, ಉಳುಕಿದ ಕಾಲಿಗೆ ವ್ಯಾಯಾಮ ಬೇಕು ಎಂದು ನನ್ನನ್ನು ಕುಮಟಾದವರೆಗೂ ಕೂರಗೊಡಲಿಲ್ಲ.