ಸಹಿ ಇರುವ ಗ್ಲಾಸು

1950ರ ದಶಕದಲ್ಲಿ ಕಾಕ್‌ಟೇಲ್ ಕೂಟಗಳು ಅಮೆರಿಕದ ಮಧ್ಯಮವರ್ಗದ ಮನೆಗಳಲ್ಲಿ ರೂಢಿಯಾಗಿದ್ದಾಗ, ಗ್ಲಾಸುಗಳ ಅಂದಕ್ಕೂ ಬೆಲೆ ಬಂದಿತ್ತು. ಒಹಾಯೊದ ಟೊಲಿಡೊದಲ್ಲಿದ್ದ ಲಿಬ್ಬಿ ಎಂಬ ಗಾಜಿನ ಕಂಪನಿಗೆ ವಿನ್ಯಾಸ ಮಾಡಿಕೊಡುತ್ತಿದ್ದ ಫ್ರೀಡಾ ಡೈಮಂಡ್ ಅವರನ್ನು ಲೈಫ್ ಪತ್ರಿಕೆ 1954ರಲ್ಲಿ 'ಎಲ್ಲರ ವಿನ್ಯಾಸಕಿ' ಎಂದು ಕರೆದದ್ದು ಸರಿಯಾಗಿಯೇ ಇದೆ. ಯಂತ್ರದಲ್ಲಿ ತಯಾರಾಗುವ ಅಗ್ಗದ ಗ್ಲಾಸೂ ಸೊಗಸಾಗಿರಬಹುದೆಂದು ಅವರು ತೋರಿಸಿಕೊಟ್ಟರು. ಅವರ ಗೋಲ್ಡನ್ ಫೋಲಿಯೇಜ್ ಮಾದರಿಯಲ್ಲಿ ಮಸುಕು ಬಿಳಿಯ ಪಟ್ಟಿಯ ಮೇಲೆ ಚಿನ್ನದ ಬಣ್ಣದ ಎಲೆಗಳು ಗ್ಲಾಸಿನ ಸುತ್ತಲೂ ಹರಡಿವೆ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಆ ಕಾಲದ ಬೇರೆ ಕೆಲವು ಗ್ಲಾಸುಗಳ ಮೇಲಿರುವ ಜಾರ್ಜ್ ಬ್ರಿಯಾರ್ ಎಂಬ ಸಹಿ. ಫ್ರೆಂಚ್ ಹೆಸರಿನಂತೆ ಕೇಳಿಸುವ ಈ ಸಹಿಯ ಹಿಂದಿದ್ದವರು ಜಾಶಾ ಬ್ರೋಯ್ಡೊ ಎಂಬ ವಲಸಿಗ ಚಿತ್ರಕಾರ. ತಮ್ಮ ವರ್ಣಚಿತ್ರಗಳನ್ನು ಈ ವ್ಯಾಪಾರದ ಕೆಲಸದಿಂದ ಬೇರೆಯಾಗಿಡಲು ಅವರು ಈ ಹೆಸರು ಇಟ್ಟುಕೊಂಡರು. ಇಂದು ಸಂಗ್ರಾಹಕರು ಹುಡುಕುವುದು ಈ ಸಹಿ ಇರುವ ಗ್ಲಾಸುಗಳನ್ನೇ, ಅದರಲ್ಲೂ ಡಿಶ್‌ವಾಷರ್‌ಗೆ ಸಿಗದೆ, ಚಿನ್ನ ಸವೆಯದೆ ಉಳಿದವನ್ನು.