ಮೇಷ್ಟ್ರ 'ಪುಟ್' ಪಾಠ

ಪಿಯುಸಿಗೆ ಸೇರಿದಾಗ ನಮ್ಮಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಿಂದ ಬಂದವರು. 'ಪುಟ್' ಅಂದರೆ ಇಡು, ಅಷ್ಟೇ ಗೊತ್ತಿತ್ತು. ಅದರ ಬೆನ್ನಿಗೆ ಆನ್, ಆಫ್, ಔಟ್, ಅಪ್ ಅಂಟಿಕೊಂಡರೆ ಅರ್ಥ ಎತ್ತೆತ್ತಲೋ ಹೋಗುತ್ತದೆ ಅಂತ ತೋರಿಸಿದ್ದು ನಮ್ಮ ಇಂಗ್ಲಿಷ್ ಮೇಷ್ಟ್ರು.

ಗೈಡಿನಲ್ಲಿ ಉದ್ದದ ಪಟ್ಟಿ ಇತ್ತು. ಉರು ಹೊಡೆದರೂ ಪರೀಕ್ಷೆ ಮುಗಿದ ಮೇಲೆ ಒಂದೂ ನೆನಪಿರುತ್ತಿರಲಿಲ್ಲ. ಮೇಷ್ಟ್ರು ಪಟ್ಟಿ ಬರೆಸಲೇ ಇಲ್ಲ. ಕನ್ನಡಕ ಹಾಕಿಕೊಂಡು 'ಪುಟ್ ಆನ್' ಅಂದರು. ಆಮೇಲೆ ಹೊಟ್ಟೆ ಸವರಿಕೊಂಡು, "ಐ ಹ್ಯಾವ್ ಪುಟ್ ಆನ್ ವೆಯ್ಟ್. ಇದೂ ಅದೇ ಕಣ್ರೋ" ಅಂದರು. ಬೆಂಕಿ ಆರಿಸಿದರೆ ಪುಟ್ ಔಟ್. ಟೆಸ್ಟ್ ಮುಂದೂಡಿದರೆ ಪುಟ್ ಆಫ್. ಇದಂತೂ ಎಲ್ಲರಿಗೂ ತಕ್ಷಣ ತಲೆಗೆ ಹತ್ತಿತು.

'ಪುಟ್ ಅಪ್'ಗೆ ಮಾತ್ರ ಇಡೀ ಪೀರಿಯಡ್ ಬೇಕಾಯಿತು. ಗೋಡೆಗೆ ನೋಟಿಸ್ ಅಂಟಿಸಿದರೂ ಅದೇ, ಶೆಡ್ ಕಟ್ಟಿದರೂ ಅದೇ, ಊರಿಂದ ಬಂದ ನೆಂಟರನ್ನು ಮನೆಯಲ್ಲಿ ಉಳಿಸಿಕೊಂಡರೂ ಅದೇ. ಆ ನೆಂಟರು ಹೊರಡುವ ಸುಳಿವೇ ಕೊಡದಿದ್ದರೆ? "ಆಗ ಕೊನೆಗೆ ಒಂದು 'ವಿತ್' ಸೇರಿಸಿ. ಪುಟ್ ಅಪ್ ವಿತ್. ಸಹಿಸಿಕೊಳ್ಳಿ!"

'ಇಟ್' ಬಂದರೆ ಅದನ್ನು ನಡುವೆ ಕೂರಿಸಬೇಕು. 'ಪುಟ್ ಇಟ್ ಆಫ್' ಸರಿ, 'ಪುಟ್ ಆಫ್ ಇಟ್' ತಪ್ಪು. ಆದರೆ 'ಪುಟ್ ಅಪ್ ವಿತ್'ನಲ್ಲಿ 'ಇಟ್' ಕೊನೆಗೇ ಬರಬೇಕು. ಯಾಕೆ ಅಂತ ಕೇಳಿದರೆ ಮೇಷ್ಟ್ರೂ ಸುಮ್ನೆ ನಕ್ಕರು.

"ಇದೆಂಥಾ ಭಾಷೆ ಸಾರ್!" ಅಂತ ಹಿಂದಿನ ಬೆಂಚಿನಿಂದ ಯಾರೋ ಗೊಣಗಿದರು. ಮೇಷ್ಟ್ರು ಬಿಡಲಿಲ್ಲ. "ಸೈಕಲ್ಲಿಗೆ ಗಾಳಿ ಹೊಡೀತೀರಿ, ಗೋಡೆಗೆ ಬಣ್ಣ ಹೊಡೀತೀರಿ, ಕಟ್ಟೆ ಮೇಲೆ ಹರಟೆ ಹೊಡೀತೀರಿ, ನನ್ನ ಕ್ಲಾಸಲ್ಲಿ ನಿದ್ದೆ ಹೊಡೀತೀರಿ. ಪೆಟ್ಟು ಬಿದ್ದಿದ್ದು ಯಾರಿಗೆ?" ಆಮೇಲೆ ಇನ್ನೊಂದು ವಿಷಯ ಹೇಳಿದರು. 1755ರಲ್ಲಿ ಬಂದ ತನ್ನ ನಿಘಂಟಿನ ಮುನ್ನುಡಿಯಲ್ಲಿ ಸ್ಯಾಮ್ಯುಯೆಲ್ ಜಾನ್ಸನ್, ಇಂಗ್ಲಿಷ್ ಕಲಿಯುವ ಹೊರಗಿನವರಿಗೆ ಎಲ್ಲಕ್ಕಿಂತ ಜಾಸ್ತಿ ಕಷ್ಟ ಕೊಡುವುದು ಈ ಜೋಡಿಗಳೇ ಅಂತ ಬರೆದಿದ್ದಾನಂತೆ. ನಮಗೆ ಎಷ್ಟು ಸಮಾಧಾನ ಆಯಿತು ಅಂತೀರಿ!

ಈಗ ನಾನು ಸರ್ಕಾರಿ ಕಚೇರಿಯಲ್ಲಿದ್ದೇನೆ. ಇಲ್ಲಿ 'ಫೈಲ್ ಪುಟಪ್ ಮಾಡಿ' ಅನ್ನುವುದು ಹೆಚ್ಚುಕಮ್ಮಿ ಕನ್ನಡವೇ ಆಗಿಹೋಗಿದೆ. ಸಾಹೇಬರ ಮುಂದೆ ಮಂಡಿಸಿ ಅಂತ ಅರ್ಥ. ಮೇಷ್ಟ್ರ ಪಾಠದಲ್ಲಿ ಇದು ಬಂದಿರಲಿಲ್ಲ. ಹೊಸದಾಗಿ ಸೇರಿದ ಹುಡುಗರು, ಕಪಾಟಿನ ಮೇಲೆ ಎತ್ತಿಡಬೇಕೇನೋ ಅಂದುಕೊಂಡರೆ ನಾನಂತೂ ನಗುವುದಿಲ್ಲ. ಎಷ್ಟೋ ಫೈಲುಗಳ ಗತಿ ಕೊನೆಗೆ ಅದೇ ತಾನೆ?