ಡ್ರೈವರ್‌ಗೆ 58 ತುಂಬುವ ಹೊತ್ತಿನ ಕಾಗದಪತ್ರ

ಲಾರಿ ಡ್ರೈವರ್ ಒಬ್ಬರಿಗೆ 58 ತುಂಬುತ್ತಿದೆ ಎಂದರೆ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಪಿಎಫ್ ನೋಡಿಕೊಳ್ಳುವವರು ಒಂದು ಇಡೀ ದಿನವನ್ನು ಅವರಿಗೇ ಎತ್ತಿಡಬೇಕು. ಅರ್ಧ ಗಂಟೆಯಲ್ಲಿ ಮುಗಿಸಲು ಹೋದರೆ ಆ ಅರ್ಜಿ ತಿಂಗಳುಗಟ್ಟಲೆ ತಿರುಗಿ ತಿರುಗಿ ವಾಪಸ್ ಬರುತ್ತದೆ. ಆವತ್ತು ಬಂದಿದ್ದವರು ಲೈನ್ ಲಾರಿ (ದೂರದ ಊರುಗಳಿಗೆ ಹೋಗುವ ಲಾರಿ) ಓಡಿಸುವ ಹಿರಿಯರು. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಅದರೊಳಗೆ ಲೈಸೆನ್ಸ್, ಆಧಾರ್, ಪ್ಯಾನ್, ಹಳೇ ಕಂಪನಿಯ ಎರಡು ಸಂಬಳ ಚೀಟಿ. ಅವರು ಕೇಳಿದ್ದು ಒಂದೇ ಮಾತು: "ಸಾರ್, ಎಷ್ಟಿದೆಯೋ ಅಷ್ಟೂ ತೆಗೆಸಿಕೊಟ್ಟುಬಿಡಿ."

ಡ್ರೈವರ್‌ಗಳ ಪೆನ್ಶನ್ ಕೈತಪ್ಪುವುದು ಬಹುಪಾಲು ಇಲ್ಲೇ. ಸಂಬಳ ಕಡಿಮೆ ಎಂಬುದು ಆಮೇಲಿನ ಮಾತು. ಓನರ್ ಬದಲಾದಾಗಲೆಲ್ಲ ಹಿಂದಿನದನ್ನು ಪೂರ್ತಿ ತೆಗೆದು ಹೊಸದಾಗಿ ಶುರು ಮಾಡುವುದರಿಂದ ಹತ್ತು ವರ್ಷದ ಸೇವೆ ಕೂಡುವುದೇ ಇಲ್ಲ.

ಮೊದಲ ತಡೆ ಮೊಬೈಲ್ ನಂಬರ್. ಲೈನ್‌ನಲ್ಲಿರುವವರು ಸಿಮ್ ಬದಲಿಸುತ್ತಲೇ ಇರುತ್ತಾರೆ. ಆಧಾರ್‌ಗೆ ಸೇರಿಸಿದ ನಂಬರ್ ಎಂದೋ ಬಂದ್ ಆಗಿರುತ್ತದೆ, ಓಟಿಪಿ ಬರುವುದಿಲ್ಲ. ಆಧಾರ್ ಕೇಂದ್ರಕ್ಕೆ ಹೋಗಿ ಈಗಿನ ನಂಬರ್ ಹಾಕಿಸದೆ ಮುಂದಿನ ಹೆಜ್ಜೆ ಇಡಬೇಡಿ. ಇವರದು ಪುಣ್ಯಕ್ಕೆ ಹಳೇ ನಂಬರೇ ಚಾಲ್ತಿಯಲ್ಲಿತ್ತು. ಯುಎಎನ್ (ಪಿಎಫ್ ಸದಸ್ಯರಿಗೆ ಕೊಡುವ ಖಾಯಂ ನಂಬರ್) ಹಾಕಿ ಸರ್ವಿಸ್ ಹಿಸ್ಟರಿ ತೆರೆದರೆ ಕಂಡದ್ದು ನಮ್ಮ ಕಂಪನಿಯ ಸೇವೆ ಮಾತ್ರ: 2018ರ ನವೆಂಬರ್‌ನಿಂದ 2025ರ ಡಿಸೆಂಬರ್‌ವರೆಗೆ, 7 ವರ್ಷ 2 ತಿಂಗಳು. ಕವರಿನಲ್ಲಿದ್ದ ಸಂಬಳ ಚೀಟಿಯಲ್ಲಿ ಬೇರೊಂದು ಯುಎಎನ್ ಇತ್ತು. 2014ರ ಅಕ್ಟೋಬರ್‌ನಿಂದ 4 ವರ್ಷ ದುಡಿದ ಹಿಂದಿನ ಕಂಪನಿಯದು ಅದು. ಅಲ್ಲಿಂದ ಇಲ್ಲಿಗೆ ಸೇರುವಾಗ ಫಾರ್ಮ್ 11ರಲ್ಲಿ 'ಹಿಂದೆ ಪಿಎಫ್ ಇತ್ತೇ' ಎಂಬ ಪ್ರಶ್ನೆಗೆ ಯಾರೋ 'ಇಲ್ಲ' ಎಂದು ಬರೆದಿದ್ದರು, ಎರಡನೇ ಯುಎಎನ್ ಹುಟ್ಟಿಕೊಂಡಿತ್ತು. ಟ್ರಾನ್ಸ್‌ಪೋರ್ಟ್ ಕಂಪನಿಗಳಲ್ಲಿ ಇದು ತೀರಾ ಮಾಮೂಲಿ. ಡ್ರೈವರ್ ಬಂದ ದಿನವೇ ಲೋಡಿಗೆ ಹೊರಟಿರುತ್ತಾರೆ, ಫಾರ್ಮನ್ನು ತುಂಬುವವರು ಇನ್ನ್ಯಾರೋ.

ಈ ನಾಲ್ಕು ವರ್ಷ ಸೇರಿದರೆ ಏನಾಗುತ್ತದೆ, ಸೇರದಿದ್ದರೆ ಏನಾಗುತ್ತದೆ ಎಂಬುದನ್ನು ಕಾಗದದ ಮೇಲೆ ಬರೆದು ತೋರಿಸಬೇಕಾಯಿತು. ಪಿಎಫ್ ಕಟ್ಟಲು ಲೆಕ್ಕ ಹಿಡಿದಿದ್ದ ಅವರ ಸಂಬಳ, ಅಂದರೆ ಬೇಸಿಕ್ ಮತ್ತು ಡಿಎ ಸೇರಿ, 14,000 ರೂಪಾಯಿ. ಅದರ ಶೇ 12, ಅಂದರೆ 1,680 ರೂಪಾಯಿ ಅವರ ಸಂಬಳದಿಂದ ಕಟ್ ಆಗುತ್ತದೆ. ಓನರ್ ಕಡೆಯಿಂದಲೂ 1,680. ಆದರೆ ಓನರ್ ಪಾಲು ಪೂರ್ತಿ ಪಿಎಫ್‌ಗೆ ಹೋಗುವುದಿಲ್ಲ. ಶೇ 8.33ರಂತೆ 1,166 ರೂಪಾಯಿ ಪೆನ್ಶನ್ ನಿಧಿಗೆ, ಉಳಿದ 514 ಪಿಎಫ್‌ಗೆ. ಪೆನ್ಶನ್‌ಗೆ ಲೆಕ್ಕ ಹಿಡಿಯುವ ಸಂಬಳದ ಮಿತಿ 2014ರ ಸೆಪ್ಟೆಂಬರ್‌ನಿಂದ 15,000.

ಪೆನ್ಶನ್ ಸೂತ್ರ ಸರಳ: ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. 58 ವಯಸ್ಸಿಗೆ 10 ವರ್ಷ ಸೇವೆ ಇದ್ದರೆ ಮಾತ್ರ ತಿಂಗಳ ಪೆನ್ಶನ್. ನಮ್ಮಲ್ಲಿನ 7 ವರ್ಷ 2 ತಿಂಗಳನ್ನಷ್ಟೇ ಹಿಡಿದರೆ ಅವರಿಗೆ ಸಿಗುವುದು ಒಂದೇ ಗಂಟಿನ ಸುಮಾರು 1 ಲಕ್ಷ, ಅಲ್ಲಿಗೆ ಮುಗಿಯಿತು. ಹಿಂದಿನ 4 ವರ್ಷ ಸೇರಿದರೆ ಸೇವೆ 11 ವರ್ಷ. 14,000 ಗುಣಿಸು 11 ಭಾಗಿಸು 70: ತಿಂಗಳಿಗೆ 2,200 ರೂಪಾಯಿ, ಬದುಕಿರುವವರೆಗೆ. ಗಂಟಿನಷ್ಟು ಹಣ ನಾಲ್ಕು ವರ್ಷದೊಳಗೇ ವಾಪಸ್ ಬಂದಿರುತ್ತದೆ. ಅವರ ನಂತರ ಹೆಂಡತಿಗೆ ಅರ್ಧ ಮುಂದುವರಿಯುತ್ತದೆ.

2,200 ದೊಡ್ಡ ಮೊತ್ತ ಎಂದು ಯಾರೂ ಹೇಳುವುದಿಲ್ಲ. ಆದರೆ ಅದಕ್ಕೂ ಹಿಂದೆ ಇನ್ನೊಂದು ಕಡೆ 8 ವರ್ಷ ಮಾಡಿದ್ದರು, ಅಲ್ಲಿಂದ ಬಿಡುವಾಗ ಪಿಎಫ್ ಹಣದ ಫಾರ್ಮ್ 19ರ ಜೊತೆಗೆ ಫಾರ್ಮ್ 10ಸಿಯನ್ನೂ ಹಾಕಿ ಪೆನ್ಶನ್ ಹಣವನ್ನೂ ತೆಗೆದಿದ್ದರು. ಆ ವರ್ಷಗಳು ಲೆಕ್ಕದಿಂದಲೇ ಹೋದವು. ಆಗಿನ 6,500ರ ಮಿತಿಯಲ್ಲಿ ನೋಡಿದರೂ ಇವತ್ತು ತಿಂಗಳಿಗೆ 740ರ ಆಸುಪಾಸು ಹೆಚ್ಚು ಬರಬಹುದಿತ್ತು. ಕೆಲಸ ಬಿಟ್ಟಾಗ ದುಡ್ಡಿನ ತುರ್ತು ಇದ್ದೇ ಇರುತ್ತದೆ, ಪಿಎಫ್ ಭಾಗ ತೆಗೆದರೆ ತಪ್ಪೆನ್ನಲಾಗದು. 10ಸಿಯನ್ನು ಮಾತ್ರ ಹಣಕ್ಕಾಗಿ ತುಂಬಬೇಡಿ. ಅದೇ ಫಾರ್ಮಿನಲ್ಲಿ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಬಹುದು. ಆ ಕಾಗದ ಸೇವೆಯನ್ನು ಉಳಿಸಿಕೊಡುತ್ತದೆ. ಇದನ್ನು ಹೇಳುವ ಏಜೆಂಟ್ ಸಿಗುವುದು ಅಪರೂಪ, ಏಕೆಂದರೆ ಕಮಿಷನ್ ಸಿಗುವುದು ಹಣ ಬಂದಾಗ.

ಇನ್ನು ಎರಡು ಖಾತೆ ಸೇರಿಸುವ ಕೆಲಸ. ಆನ್‌ಲೈನ್ ಫಾರ್ಮ್ 13 ಹಾಕುವ ಮುನ್ನ ಮೂರು ವಿಷಯ ಎರಡೂ ಕಡೆ ಅಕ್ಷರಶಃ ಒಂದೇ ಇರಬೇಕು: ಹೆಸರು, ಹುಟ್ಟಿದ ದಿನಾಂಕ, ತಂದೆಯ ಹೆಸರು. ಇವರ ಆಧಾರ್‌ನಲ್ಲಿ ಹೆಸರಿನ ಮುಂದೆ ಇನಿಶಿಯಲ್ ಇತ್ತು, ಹಳೇ ಪಿಎಫ್‌ನಲ್ಲಿ ಅದೇ ಇನಿಶಿಯಲ್ ಬಿಡಿಸಿಕೊಂಡು ಊರಿನ ಹೆಸರಾಗಿ ಕೂತಿತ್ತು. ಹುಟ್ಟಿದ ದಿನಾಂಕವನ್ನು ಹಳೇ ಕಂಪನಿ ಲೈಸೆನ್ಸ್ ನೋಡಿ ಬರೆದುಕೊಂಡಿತ್ತು. ಹೆವಿ ಲೈಸೆನ್ಸ್ ಬೇಗ ಸಿಗಲಿ ಎಂದು ಹಿಂದೆ ವಯಸ್ಸು ಹೆಚ್ಚಿಸಿ ಬರೆಸುತ್ತಿದ್ದವರು ಬೇಕಾದಷ್ಟು ಜನ. ಅದರ ಬೆಲೆ ಕೊಡಬೇಕಾಗುವುದು 58ಕ್ಕೆ. ತಿದ್ದಲು ಜಾಯಿಂಟ್ ಡಿಕ್ಲರೇಶನ್ ಹಾಕಬೇಕು. ಕಂಪನಿ ನಡೆಯುತ್ತಿದ್ದರೆ ಓನರ್ ಒಪ್ಪಿಗೆ ಕೊಡುತ್ತಾರೆ. ಮುಚ್ಚಿಹೋಗಿದ್ದರೆ ಗೆಜೆಟೆಡ್ ಅಧಿಕಾರಿ ಅಥವಾ ಖಾತೆಯಿರುವ ಬ್ಯಾಂಕಿನ ಮ್ಯಾನೇಜರ್ ದೃಢೀಕರಿಸಿದ ಕಾಗದವನ್ನು ಪಿಎಫ್ ಕಚೇರಿಗೆ ಒಯ್ಯಬೇಕು. ಹಳೇ ಕಡೆ ಬಿಟ್ಟ ದಿನಾಂಕವೂ ಖಾಲಿ ಇತ್ತು. ಅದನ್ನು ಓನರ್ ಹಾಕದಿದ್ದರೆ, ಕೊನೇ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಸದಸ್ಯರೇ ಪೋರ್ಟಲ್‌ನಲ್ಲಿ 'ಮಾರ್ಕ್ ಎಕ್ಸಿಟ್' ಒತ್ತಿ ತುಂಬಬಹುದು. ಹೊಸ ಕಡೆ ಸೇರಿದ ದಿನಾಂಕಕ್ಕಿಂತ ಹಿಂದಿನ ದಿನಾಂಕವನ್ನೇ ಹಾಕಿ. ಎರಡು ಸೇವೆ ಒಂದರ ಮೇಲೊಂದು ಬಿದ್ದರೆ ವರ್ಗಾವಣೆ ನಿಂತುಹೋಗುತ್ತದೆ.

ವರ್ಗಾವಣೆಯಾದ ಮೇಲೆ ಪಾಸ್‌ಬುಕ್ ನೋಡಿ ಗಾಬರಿಯಾಗುವವರಿದ್ದಾರೆ. ನೌಕರರ ಪಾಲು, ಓನರ್ ಪಾಲು ಎರಡೂ ಬಂದಿರುತ್ತವೆ, ಪೆನ್ಶನ್ ಕಾಲಂ ಮಾತ್ರ ಸೊನ್ನೆ. ಹಣ ಎಲ್ಲೂ ಹೋಗಿರುವುದಿಲ್ಲ. ಪೆನ್ಶನ್‌ನಲ್ಲಿ ವರ್ಗಾವಣೆಯಾಗುವುದು ಸೇವೆಯ ಅವಧಿ, ರೂಪಾಯಿ ಅಲ್ಲ. ಅದು ದಾಖಲಾಗುವುದು ಅನೆಕ್ಷರ್ ಕೆ ಎಂಬ ಪತ್ರದಲ್ಲಿ. ಅದನ್ನು ತೆರೆದು ಸೇರಿದ ದಿನ, ಬಿಟ್ಟ ದಿನ, ಎನ್‌ಸಿಪಿ ದಿನಗಳು ಸರಿಯಾಗಿವೆಯೇ ಎಂದು ಸಾಲು ಸಾಲಾಗಿ ನೋಡಬೇಕು.

ಈ ಎನ್‌ಸಿಪಿ ಡ್ರೈವರ್‌ಗಳ ಪಾಲಿಗೆ ಕಣ್ಣಿಗೆ ಕಾಣದ ಕತ್ತರಿ. ಸಂಬಳವಿಲ್ಲದ, ಹಾಗಾಗಿ ವಂತಿಗೆಯೂ ಬೀಳದ ದಿನಗಳ ಲೆಕ್ಕ ಅದು. ಲೋಡ್ ಸಿಗದೆ ಗಾಡಿ ನಿಂತಿದ್ದ ದಿನಗಳನ್ನು ಹಾಜರಿಯಲ್ಲಿ ಬಿಟ್ಟು, ಪಿಎಫ್ ಕಚೇರಿಗೆ ಕೊಡುವ ತಿಂಗಳ ಲೆಕ್ಕಪಟ್ಟಿಯಲ್ಲಿ (ಇಸಿಆರ್) ಎನ್‌ಸಿಪಿ ಎಂದು ತುಂಬುವ ರೂಢಿ ಹಲವೆಡೆ ಇದೆ. ತಿಂಗಳಿಗೆ ಐದೇ ದಿನ ಎಂದರೂ ಏಳು ವರ್ಷಕ್ಕೆ 420 ದಿನ. 11 ವರ್ಷದ ಸೇವೆಯನ್ನು ಹತ್ತರ ಅಂಚಿಗೆ ತಂದು ನಿಲ್ಲಿಸಲು ಅಷ್ಟು ಸಾಕು. ಗಾಡಿ ಕಾಯುತ್ತ ಯಾರ್ಡಿನಲ್ಲಿ ಮಲಗಿದ್ದ ಡ್ರೈವರ್ ರಜೆಯಲ್ಲಿದ್ದರು ಎನ್ನುವುದು ನನ್ನ ಮಟ್ಟಿಗೆ ಒಪ್ಪುವ ಮಾತಲ್ಲ. ತಿಂಗಳ ಸಂಬಳಕ್ಕೆ ಇಟ್ಟುಕೊಂಡವರಾದರೆ ಆ ದಿನಗಳೂ ಡ್ಯೂಟಿಯೇ.

ಸಂಬಳ ಚೀಟಿಯ ವಿಚಾರಕ್ಕೆ ಬಂದರೆ, ಕಟ್ ಆಗುವ ಮುನ್ನ ಇವರ ತಿಂಗಳ ಒಟ್ಟು ಮೊತ್ತ 26,000ದ ಸುತ್ತಮುತ್ತ: 14,000 ಸಂಬಳ, 4,000 ಟ್ರಿಪ್ ಇನ್ಸೆಂಟಿವ್, 8,000 ಬಾಟಾ. ದಾರಿಯ ಊಟ ತಿಂಡಿಯ ಬಾಟಾ ಖರ್ಚಿನ ಬಾಬತ್ತು, ಅದಕ್ಕೆ ಪಿಎಫ್ ಇಲ್ಲ. ಇನ್ಸೆಂಟಿವ್ ಕೆಲಸಕ್ಕೆ ತಕ್ಕಂತೆ ಏರಿಳಿದರೆ ಅದೂ ಹೊರಗೆ. ಎಲ್ಲರಿಗೂ ಒಂದೇ ಸಮ ಕೊಡುವ ಭತ್ಯೆಯಾದರೆ ಅದು ಸಂಬಳವೇ ಎಂದು ಸುಪ್ರೀಂ ಕೋರ್ಟ್ 2019ರ ಫೆಬ್ರವರಿಯಲ್ಲೇ ಹೇಳಿದೆ. 2025ರ ನವೆಂಬರ್ 21ರಂದು ಜಾರಿಯಾದ ಕಾರ್ಮಿಕ ಸಂಹಿತೆಗಳ ಪ್ರಕಾರ ಹೊರಗಿಡುವ ಭತ್ಯೆಗಳು ಒಟ್ಟು ಮೊತ್ತದ ಅರ್ಧ ದಾಟಿದರೆ, ದಾಟಿದಷ್ಟನ್ನು ಸಂಬಳಕ್ಕೇ ಸೇರಿಸಬೇಕು. ಬೇಸಿಕ್ 9,000 ತೋರಿಸಿ ಉಳಿದದ್ದನ್ನೆಲ್ಲ ಬಾಟಾ ಎನ್ನುವ ಚೀಟಿಗಳನ್ನು ಈ ನಿಯಮ ಮುಟ್ಟುತ್ತದೆ. 9,000ದ ಮೇಲೆ ಇದೇ 11 ವರ್ಷಕ್ಕೆ ಬರುವ ಪೆನ್ಶನ್ 1,414 ಮಾತ್ರ. ಬಾಟಾ ಹೆಚ್ಚು ಕೊಡುವ ಓನರೇ ಒಳ್ಳೆಯವರು ಎಂದು ಹುಡುಗರು ಅಂದುಕೊಳ್ಳುತ್ತಾರೆ, ಚೀಟಿ ಓದಲು ಕಲಿಯುವವರೆಗೆ.

ಗ್ರಾಚ್ಯುಟಿ ಬೇಗ ಮುಗಿಯಿತು. 14,000ವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, 7 ವರ್ಷಕ್ಕೆ 56,538 ರೂಪಾಯಿ. ಇದು ಪಿಎಫ್‌ನಿಂದ ಬರುವುದಲ್ಲ, ಕಂಪನಿಯೇ ಕೊಡಬೇಕು. ಬಿಟ್ಟ 30 ದಿನದೊಳಗೆ ಬರಹದಲ್ಲಿ ಅರ್ಜಿ ಕೊಟ್ಟು, ಕೊಟ್ಟಿದ್ದಕ್ಕೆ ಸಹಿ ಪಡೆದುಕೊಳ್ಳುವುದು ಲೇಸು. ಹಿಂದಿನ ಕಂಪನಿಯಲ್ಲಿ ಐದು ವರ್ಷ ತುಂಬಿರಲಿಲ್ಲ, ಅಲ್ಲಿಂದ ಏನೂ ಇಲ್ಲ. ಸೇವೆಯಲ್ಲಿರುವಾಗ ತೀರಿಕೊಂಡರೆ ಅಥವಾ ಅಂಗವಿಕಲರಾದರೆ ಈ ಐದು ವರ್ಷದ ಷರತ್ತು ಅನ್ವಯಿಸುವುದಿಲ್ಲ.

ಇಎಸ್‌ಐ, ಅಂದರೆ ನೌಕರರ ಆರೋಗ್ಯ ವಿಮೆಯ ಬಗ್ಗೆ ಅವರು ಕೇಳಲೇ ಇಲ್ಲ, ಇನ್ನು ಮುಂದೆ ಇಲ್ಲ ಎಂದುಕೊಂಡಿದ್ದರು. ತಿಂಗಳ ಸಂಬಳ 21,000 ಮೀರದವರಿಗೆ ಇಎಸ್‌ಐ ಉಂಟು. ಇವರ 18,000ಕ್ಕೆ (ಇನ್ಸೆಂಟಿವ್ ಸೇರಿ) ಅವರಿಂದ 135, ಕಂಪನಿಯಿಂದ 585 ಹೋಗುತ್ತಿತ್ತು. ಕನಿಷ್ಠ ಐದು ವರ್ಷ ಇಎಸ್‌ಐ ಕಟ್ಟಿದ ಕೆಲಸದಲ್ಲಿದ್ದು ವಯೋನಿವೃತ್ತಿಯಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಇಎಸ್‌ಐ ಚಿಕಿತ್ಸೆ ಮುಂದುವರಿಯುತ್ತದೆ. 120 ತಿಂಗಳಿಗಲ್ಲ, ವರ್ಷಕ್ಕೆ. ಸೊಂಟ, ಮಂಡಿ, ಸಕ್ಕರೆ ಕಾಯಿಲೆ ಹೊತ್ತುಕೊಂಡೇ ಸ್ಟೇರಿಂಗ್ ಬಿಡುವವರಿಗೆ ಇದರಷ್ಟು ಅಗ್ಗದ ಸೌಲಭ್ಯ ಇನ್ನೊಂದಿಲ್ಲ.

ಸರ್ವಿಸ್‌ನಲ್ಲಿರುವ ಡ್ರೈವರ್‌ಗಳಿಗೆ ಇಎಸ್‌ಐ ನಿಜವಾಗಿ ಬೇಕಾಗುವುದು ಅಪಘಾತದಲ್ಲಿ. ಡ್ಯೂಟಿಯಲ್ಲಿ ಪೆಟ್ಟಾದರೆ ಎಷ್ಟು ದಿನ ಕಟ್ಟಿದ್ದೀರಿ ಎಂದು ಕೇಳುವಂತಿಲ್ಲ, ಸೇರಿದ ಮೊದಲ ದಿನವೇ ಆದರೂ ಹಕ್ಕಿದೆ. ಕೆಲಸಕ್ಕೆ ಹೋಗಲಾಗದಷ್ಟು ದಿನ ಸಂಬಳದ ಶೇ 90, ದಿನಕ್ಕೆ 600ರ ಲೆಕ್ಕವಾದರೆ 540 ರೂಪಾಯಿ. ಕೈಕೊಡುವುದು ಕಾಗದ. ಅಪಘಾತ ಬೇರೆ ರಾಜ್ಯದಲ್ಲಿ ಆಗಿರುತ್ತದೆ, ಇಎಸ್‌ಐ ಗುರುತಿನ ಪೆಹಚಾನ್ ಕಾರ್ಡ್ ಮನೆಯಲ್ಲಿರುತ್ತದೆ, ಆಫೀಸಿಗೆ ಸುದ್ದಿ ಮೂರು ದಿನ ಬಿಟ್ಟು ಬರುತ್ತದೆ, ಅಪಘಾತ ವರದಿ ತಡವಾಗುತ್ತದೆ. ಕಾರ್ಡಿನ ಫೋಟೊ ಮೊಬೈಲ್‌ನಲ್ಲಿರಲಿ, ಒಂದು ನಕಲು ಗಾಡಿಯ ಆರ್‌ಸಿ, ಪರ್ಮಿಟ್ ಜೊತೆಗಿರಲಿ.

ನಾಮಿನೇಷನ್ ನೋಡಿದರೆ ಖಾಲಿ. ನಿವೃತ್ತಿಯ ದಿನವೇ ಇ-ನಾಮಿನೇಷನ್ ಮಾಡಿಸಿದ್ದಾಯಿತು, ಆದರೆ ಇದು ಸೇರಿದ ವಾರದಲ್ಲೇ ಆಗಬೇಕಿದ್ದ ಕೆಲಸ. ಹೆದ್ದಾರಿಯಲ್ಲಿ ದುಡಿಯುವವರಿಗೆ ಮುಖ್ಯವಾದ ಒಂದು ನಿಯಮ ಬಹಳ ಜನರಿಗೆ ಗೊತ್ತಿಲ್ಲ: ಸೇವೆಯಲ್ಲಿರುವಾಗ ಸದಸ್ಯರು ತೀರಿಕೊಂಡರೆ ಹೆಂಡತಿಯ ಪೆನ್ಶನ್‌ಗೆ ಹತ್ತು ವರ್ಷ ಬೇಕಿಲ್ಲ, ಒಂದು ತಿಂಗಳ ವಂತಿಗೆ ಬಿದ್ದಿದ್ದರೆ ಸಾಕು. ಜೊತೆಗೆ ಇಡಿಎಲ್‌ಐ, ಅಂದರೆ ಪಿಎಫ್ ಜೊತೆಗೇ ಇರುವ ಜೀವ ವಿಮೆ, ಗರಿಷ್ಠ 7 ಲಕ್ಷದವರೆಗೆ. ಇದಕ್ಕೆ ಡ್ರೈವರ್ ಸಂಬಳದಿಂದ ಒಂದು ಪೈಸೆಯೂ ಕಟ್ ಆಗುವುದಿಲ್ಲ, ಓನರೇ ಕಟ್ಟುತ್ತಾರೆ. ಮನೆಯವರು ಪಿಎಫ್‌ಗೆ ಫಾರ್ಮ್ 20, ಪೆನ್ಶನ್‌ಗೆ 10ಡಿ, ವಿಮೆಗೆ 5ಐಎಫ್ ಮೂರನ್ನೂ ಒಟ್ಟಿಗೆ ಕೊಡಬೇಕು. ಪಿಎಫ್ ಹಣವಷ್ಟೇ ಪಡೆದು ಉಳಿದೆರಡನ್ನು ಬಿಟ್ಟುಬಿಡುವ ಕುಟುಂಬಗಳಿವೆ. ಮದುವೆಗೆ ಮುಂಚೆ ತಾಯಿಯ ಹೆಸರು ಬರೆಸಿದ್ದವರು ಮದುವೆಯಾದ ಮೇಲೆ ಹೊಸದಾಗಿ ಮಾಡಿಸಬೇಕು, ಹಳೆಯದು ಊರ್ಜಿತವಲ್ಲ.

20 ಜನರಿಗಿಂತ ಕಡಿಮೆ ಇರುವ ಕಡೆ ಪಿಎಫ್ ಕಡ್ಡಾಯವಲ್ಲ. ಒಂದೆರಡು ಲಾರಿಯ ಓನರ್ ಹತ್ತಿರ ದುಡಿಯುವ, 40 ದಾಟದ ಹುಡುಗರು ಬ್ಯಾಂಕಿನಲ್ಲಿ ಅಟಲ್ ಪೆನ್ಶನ್ ಯೋಜನೆ ಮಾಡಿಸಿಕೊಳ್ಳಬಹುದು, ಆದಾಯ ತೆರಿಗೆ ಕಟ್ಟುವವರಿಗಷ್ಟೇ ಅದು ಇಲ್ಲ.

ಖಾತೆ ವರ್ಗಾವಣೆಯಾದ ಮೇಲೆ ಇವರ ಹೆಸರಿನಲ್ಲಿ ಹಾಕಿದ್ದು ಎರಡೇ ಅರ್ಜಿ: ಪಿಎಫ್‌ಗೆ ಫಾರ್ಮ್ 19, ಪೆನ್ಶನ್‌ಗೆ 10ಡಿ. ಅದಕ್ಕೂ ಮುಂಚೆ ನಮ್ಮ ಕಡೆಯಿಂದ ಬಿಟ್ಟ ದಿನಾಂಕಕ್ಕೆ ಕಾರಣ 'ವಯೋನಿವೃತ್ತಿ' ಎಂದೇ ತುಂಬಿತ್ತು, 58 ತುಂಬಿದ ನಂತರದ ತಿಂಗಳಿಗೆ ಪೆನ್ಶನ್ ಪಾಲು ಕಟ್ಟಿರಲಿಲ್ಲ. ಹಾಗೆ ಕಟ್ಟಿದ್ದರೆ ಅದನ್ನು ಪಿಎಫ್‌ಗೆ ತಿರುಗಿಸುವವರೆಗೂ 10ಡಿ ಅಲ್ಲಾಡುವುದಿಲ್ಲ. ಗಂಡ ಹೆಂಡತಿಯ ಜೋಡಿ ಫೋಟೊ, ಬ್ಯಾಂಕ್ ಖಾತೆಯ ವಿವರ, ಇಬ್ಬರ ಆಧಾರ್ ಬೇಕು. ಪೆನ್ಶನ್ ಶುರುವಾದ ಮೇಲೆ ವರ್ಷಕ್ಕೊಮ್ಮೆ ಜೀವನ್ ಪ್ರಮಾಣ್ (ಬದುಕಿದ್ದೇವೆ ಎಂಬ ಡಿಜಿಟಲ್ ಪ್ರಮಾಣಪತ್ರ) ಕೊಡಬೇಕು. ಸ್ಟೇರಿಂಗ್ ಹಿಡಿದು ಸವೆದ ಬೆರಳನ್ನು ಯಂತ್ರ ಗುರುತಿಸದಿದ್ದರೆ ಮೊಬೈಲ್‌ನಲ್ಲಿ ಮುಖ ತೋರಿಸಿಯೂ ಮಾಡಬಹುದು. ಒಂದು ವರ್ಷಕ್ಕಿಂತ ತಡವಾದರೆ ಪೆನ್ಶನ್ ನಿಲ್ಲುತ್ತದೆ, ಪ್ರಮಾಣಪತ್ರ ಕೊಟ್ಟ ಮೇಲೆ ಬಾಕಿ ಸಮೇತ ಮತ್ತೆ ಬರುತ್ತದೆ.